ಮಾರುವವನ ಮೌನ

ಪದಾರ್ಥವನ್ನು ಮಾರತಕ್ಕವನು ಅದರ ಗುಣವನ್ನು ಹೊಗಳಿ ಹೇಳುವುದು ಲೋಕರೂಢಿ. ಇಲ್ಲದ ಗುಣವನ್ನು ಉಂಟೆಂದು ಹೇಳಿದರೆ ಅದು ಸುಳ್ಳು. ಸುಳ್ಳು ತಪ್ಪೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ಇರುವ ದೋಷವನ್ನು ಹೇಳದೆ ಸುಮ್ಮನಿದ್ದರೆ ಅದನ್ನು ಏನೆಂದು ಕರೆಯಬೇಕು? ಅದೂ ಸುಳ್ಳೆ? ಅಥವಾ ಕೇವಲ ವ್ಯಾಪಾರದ ಜಾಣತನವೆ? “ಮಾತು ಬೆಳ್ಳಿ, ಮೌನ ಬಂಗಾರ” ಎಂದು ನಮ್ಮ ಹಿರಿಯರು ಹೇಳಿದ ಆ ಬಂಗಾರದಲ್ಲಿ ಅಂಗಡಿಯವನ ಮೌನವೂ ಸೇರಿದೆಯೆ? ಕೊಳ್ಳುವವನಿಗೆ ಎರಡು ಕಣ್ಣುಗಳಿವೆಯಲ್ಲ, ಅವನೇ ನೋಡಿಕೊಳ್ಳಲಿ ಎಂಬುದು ಒಂದು ಪಕ್ಷ. ಕಣ್ಣಿಗೆ ಕಾಣದ ದೋಷವನ್ನು ಎರಡಲ್ಲ, ನಾಲ್ಕು ಕಣ್ಣುಗಳಿದ್ದರೂ ನೋಡುವುದೆಂತು ಎಂಬುದು ಇನ್ನೊಂದು ಪಕ್ಷ. ಈ ಎರಡರ ಬಲಾಬಲವನ್ನು ತೂಗಿನೋಡುವುದು ಪ್ರಕೃತ ಲೇಖನದ ಉದ್ದೇಶ.

ಇಂಥ ಪ್ರಶ್ನೆಗಳನ್ನು ಬರಿಯ ಮಾತಿನಲ್ಲಿ ಚರ್ಚಿಸಿದರೆ ಎರಡು ಪಕ್ಷದವರೂ ತಾವೇ ಗೆದ್ದೆವೆಂದುಕೊಂಡು ಎದ್ದುಹೋಗುತ್ತಾರೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಂತೆ ಇವನ್ನು ಯಾವುದಾದರೊಂದು ಸಣ್ಣ ವ್ಯಾಪಾರಕ್ಕೆ ತಿಕ್ಕಿ ನೋಡುವುದು ಮೇಲು. ಅಂಥ ಒರೆಗಲ್ಲಾಗಿ ನಾವು ಇಲ್ಲಿ ತೆಗೆದುಕೊಂಡಿರುವುದು ಒಂದು ಹಳೆಯ ವಿದ್ಯುದುಪಕರಣದ ಕ್ರಯವಿಕ್ರಯವನ್ನು. ಹಿಂದಿನ ಕಾಲದ ರೇಡಿಯೋ ಮುಂತಾದವನ್ನು ಮತ್ತೆ ಜೀವಗೊಳಿಸುವ ಹವ್ಯಾಸವುಳ್ಳವರು ಬಹಳ ಆಸೆಯಿಂದ ಹುಡುಕುವ ಈ ವಸ್ತುವಿಗೆ ವೇರಿಯಾಕ್ ಎಂದು ಹೆಸರು. ವಿಷಯವು ತೀರ ಸಣ್ಣದೆಂದು ವಾಚಕರು ಭಾವಿಸಬಾರದು. ಇದರಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಮೂರು ಲಕ್ಷಣಗಳೂ ಕೂಡಿವೆ: ಇದರ ಮುಖ್ಯ ದೋಷಗಳು ಹೊರಗೆ ಕಾಣುವುದಿಲ್ಲ, ಕೊಳ್ಳುವವನು ಅನೇಕ ವೇಳೆ ಪರಿಣತನಲ್ಲ, ದೋಷದಿಂದ ಕೆಡತಕ್ಕದ್ದು ಹಣವೊಂದೇ ಅಲ್ಲ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. 1831ರಲ್ಲಿ ಮೈಕೆಲ್ ಫ್ಯಾರಡೆಯು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿಯನ್ನು ಸುತ್ತಿ, ಒಂದು ಸುರುಳಿಯಲ್ಲಿ ವಿದ್ಯುತ್ಪ್ರವಾಹವನ್ನು ಹರಿಸಿದಾಗಲೂ ನಿಲ್ಲಿಸಿದಾಗಲೂ ಇನ್ನೊಂದರಲ್ಲಿ ಕ್ಷಣಕಾಲ ಪ್ರವಾಹವು ಹುಟ್ಟುವುದನ್ನು ಕಂಡನು. ಇಂದಿನ ಎಲ್ಲ ಟ್ರಾನ್ಸ್‌ಫಾರ್ಮರುಗಳಿಗೂ ಆ ಬಳೆಯೇ ಮೂಲಮಾತೃಕೆ. ವೇರಿಯಾಕ್ ಸಹ ಒಂದು ಬಳೆಯೇ. ಆದರೆ ಇದರಲ್ಲಿ ಎರಡು ಸುರುಳಿಗಳಿಲ್ಲ. ಎನಾಮಲ್ ಬಳಿದ ತಾಮ್ರದ ತಂತಿಯ ಒಂದೇ ಸುರುಳಿಯು ಬಳೆಯ ಸುತ್ತಲೂ ಒಂದೇ ಪದರವಾಗಿ ಸುತ್ತಲ್ಪಟ್ಟಿರುತ್ತದೆ. ಸುರುಳಿಯ ಒಂದು ಮುಖದಲ್ಲಿ ಎನಾಮಲನ್ನು ಕೆರೆದು ತಾಮ್ರವನ್ನು ಬಯಲುಮಾಡಿ ಒಂದು ಹಾದಿಯನ್ನು ಮಾಡಿರುತ್ತಾರೆ. ಆ ಹಾದಿಯ ಮೇಲೆ ಇಂಗಾಲದ ಒಂದು ತುಂಡು, ಎಂದರೆ ಬ್ರಷ್ಷು, ಹಿಡಿಯನ್ನು ತಿರುಗಿಸಿದಂತೆಲ್ಲ ಜಾರುತ್ತ ಹೋಗುತ್ತದೆ. ಎಷ್ಟನೆಯ ಸುತ್ತಿನ ಮೇಲೆ ಬ್ರಷ್ಷು ನಿಂತಿದೆಯೋ ಅದಕ್ಕೆ ಅನುಗುಣವಾದ ವೋಲ್ಟೇಜು ಹೊರಗೆ ದೊರೆಯುತ್ತದೆ. ಗೋಡೆಯಿಂದ ಬರುವ 230 ವೋಲ್ಟನ್ನು ಹೀಗೆ ಸೊನ್ನೆಯಿಂದ ಮೊದಲುಮಾಡಿ ಸುಮಾರು 270ರವರೆಗೆ ಇಚ್ಛೆಯಂತೆ ಏರಿಸಲೂ ಇಳಿಸಲೂ ಬರುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ನಗರದಲ್ಲಿ 1915ರಲ್ಲಿ ಹುಟ್ಟಿದ ಜನರಲ್ ರೇಡಿಯೋ ಎಂಬ ಸಂಸ್ಥೆಯು, ತನ್ನ ಎಂಜಿನಿಯರನಾದ ಎಡ್ವರ್ಡ್ ಕಾರ್ಪ್ಲಸ್ ರೂಪಿಸಿದ ಈ ಉಪಕರಣವನ್ನು 1933ರಲ್ಲಿ ಬಳಕೆಗೆ ತಂದಿತು. ವೇರಿಯಾಕ್ ಎಂಬುದು ಮೊದಲು ಆ ಸಂಸ್ಥೆಯ ವ್ಯಾಪಾರನಾಮವಾಗಿದ್ದಿತು. ಬರಬರುತ್ತ ಜನರ ಬಾಯಲ್ಲಿ ಆ ಜಾತಿಯ ಎಲ್ಲ ಉಪಕರಣಗಳಿಗೂ ಅದೇ ಹೆಸರಾಯಿತು. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಇದನ್ನೇ ಡಿಮ್ಮರ್‌ಸ್ಟಾಟ್ ಎಂಬ ಇನ್ನೊಂದು ವ್ಯಾಪಾರನಾಮದಿಂದ ಕರೆಯುವುದುಂಟು. ಇದರಲ್ಲಿ ಸವೆಯತಕ್ಕ ಭಾಗವು ಬ್ರಷ್ಷೊಂದೇ ಎನ್ನಬಹುದು. ಆದಕಾರಣ ಅರವತ್ತು ಎಪ್ಪತ್ತು ವರ್ಷಗಳ ಹಿಂದಿನ ಉಪಕರಣವೂ ಸರಿಯಾಗಿ ಬಾಳಿಸಿದ್ದರೆ ಇಂದಿಗೂ ಹೊಸದರಂತೆಯೇ ಕೆಲಸಮಾಡುತ್ತದೆ. ಹೊಸದಕ್ಕೆ ಬೆಲೆ ಹೆಚ್ಚು. ಆದುದರಿಂದ ಹವ್ಯಾಸಿಗಳು ಬೆಂಗಳೂರಿನ ಎಸ್. ಪಿ. ರಸ್ತೆಯಂಥ ಬೀದಿಗಳಲ್ಲಿಯೂ, ಕಾರ್ಖಾನೆ ಕಾಲೇಜುಗಳ ಹಳೆಯ ಸಾಮಾನಿನ ಹರಾಜುಗಳಲ್ಲಿಯೂ, ಗುಜರಿ ಅಂಗಡಿಗಳಲ್ಲಿಯೂ ಇದನ್ನು ಹುಡುಕುತ್ತಾರೆ.

ಹಳೆಯ ರೇಡಿಯೋಗಳಿಗೆ ಇದು ಏತಕ್ಕೆ ಬೇಕು? ಮೈಸೂರಿನಲ್ಲಿ 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಪ್ರಯತ್ನದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಿಂದ ಎಷ್ಟೋ ಕನ್ನಡ ಮನೆಗಳಲ್ಲಿ ವಾಲ್ವು ರೇಡಿಯೋಗಳು ಗೌರವದ ಸ್ಥಾನವನ್ನು ಪಡೆದಿದ್ದುವು. ಅವುಗಳಲ್ಲಿ ಹಲವು ಈಗಲೂ ಅಟ್ಟದ ಮೇಲೆ ಉಳಿದಿವೆ. ಅಂಥ ಪೆಟ್ಟಿಗೆಯನ್ನು ಮೂವತ್ತು ವರ್ಷಗಳ ಮೇಲೆ ಕೆಳಗಿಳಿಸಿ ಒಮ್ಮೆಗೇ 230 ವೋಲ್ಟಿಗೆ ಸೇರಿಸಿದರೆ ಅದು ಸುಟ್ಟುಹೋಗುವ ಸಂಭವವೇ ಹೆಚ್ಚು. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ತೆಳುವಾದ ಒಂದು ಪೊರೆಯೇ ವಿದ್ಯುತ್ತನ್ನು ತಡೆದಿರುತ್ತದೆ. ಬಹುಕಾಲ ಬಳಸದಿದ್ದರೆ ಆ ಪೊರೆಯು ಕ್ಷೀಣಿಸುತ್ತದೆ. ಸ್ವಲ್ಪ ಸ್ವಲ್ಪವಾಗಿ ವೋಲ್ಟೇಜನ್ನು ಏರಿಸಿದರೆ ಕೆಲವು ವೇಳೆ ಮತ್ತೆ ಕೂಡಿಕೊಳ್ಳುತ್ತದೆ. ಬಹುದಿನ ಉಪವಾಸವಿದ್ದವನಿಗೆ ಮೊದಲು ಗಂಜಿಯನ್ನು ಕೊಡುವಂತೆ, ಹಳೆಯ ಯಂತ್ರಕ್ಕೆ ವೇರಿಯಾಕಿನಿಂದ ವಿದ್ಯುತ್ತನ್ನು ಗುಟುಕು ಗುಟುಕಾಗಿ ಕೊಡುತ್ತಾರೆ.

ಆದರೆ ಇದನ್ನೇ ಸರ್ವರೋಗಪರಿಹಾರವೆಂದು ತಿಳಿಯಕೂಡದು. ರೇಡಿಯೋದಲ್ಲಿ ವಾಲ್ವಿನ ರೆಕ್ಟಿಫೈಯರು ಇದ್ದರೆ, ಅದರ ತಂತು ಸಾಕಷ್ಟು ಕಾಯುವವರೆಗೆ ಕಂಡೆನ್ಸರಿಗೆ ವೋಲ್ಟೇಜೇ ಮುಟ್ಟುವುದಿಲ್ಲ. ಕಾದ ಮೇಲೆ ಒಮ್ಮೆಗೇ ಬಂದು ಬೀಳುತ್ತದೆ. ಸೋರುವ ಕಾಗದದ ಕಂಡೆನ್ಸರಂತೂ ಎಷ್ಟು ನಿಧಾನವಾಗಿ ಏರಿಸಿದರೂ ವಾಸಿಯಾಗುವುದಿಲ್ಲ; ಅದನ್ನು ತೆಗೆದು ಬೇರೆಯದನ್ನು ಹಾಕಲೇಬೇಕು. ಅದರಿಂದ ಬಲ್ಲವರು ಮೊದಲು ಪೆಟ್ಟಿಗೆಯನ್ನು ಬಿಚ್ಚಿ ಪರೀಕ್ಷಿಸಿ, ಅನಂತರ ಸರಣಿಯಲ್ಲಿ ಒಂದು ದೀಪವನ್ನು ಸೇರಿಸಿಕೊಂಡು, ಆಮೇಲೆ ವೇರಿಯಾಕಿನ ಹಿಡಿಗೆ ಕೈಹಚ್ಚುತ್ತಾರೆ. ಒಂದು ಉಪಕರಣವು ಏನನ್ನು ಮಾಡಲಾರದೆಂಬುದನ್ನು ತಿಳಿಯುವುದೂ ಅದರ ಜ್ಞಾನದ ಒಂದು ಭಾಗ.

ಇನ್ನು ದೋಷಗಳ ವಿಚಾರ. ಕೆಲವು ದೋಷಗಳು ಹೊರಗೇ ಕಾಣುತ್ತವೆ: ಒಡೆದ ಹಿಡಿ, ತುಕ್ಕು ಹಿಡಿದ ಕವಚ, ಬಿರಿದ ರಬ್ಬರಿನ ತಂತಿ. ಹೆಸರಿನ ಫಲಕವನ್ನು ಓದಿದರೆ ತಿಳಿಯತಕ್ಕವು ಇನ್ನು ಕೆಲವು. ಅಮೆರಿಕದಿಂದ ಬಂದ ಉಪಕರಣವು ಅಲ್ಲಿಯ 115 ವೋಲ್ಟಿಗೆ ಮಾತ್ರ ತಕ್ಕದಾಗಿದ್ದರೆ ನಮ್ಮ 230 ವೋಲ್ಟಿಗೆ ಸೇರಿಸಿದ ಕೂಡಲೇ ಹಾಳಾಗುತ್ತದೆ. ಆದರೆ ಮುಖ್ಯವಾದ ದೋಷಗಳು ಕವಚದ ಒಳಗಿರುತ್ತವೆ. ಬ್ರಷ್ಷು ಸವೆದು ಅದನ್ನು ಹಿಡಿದಿರುವ ಲೋಹವೇ ತಾಮ್ರಕ್ಕೆ ತಾಕುತ್ತಿರಬಹುದು. ಯಾರೋ ಸಿಕ್ಕಿದ ಯಾವುದೋ ಬ್ರಷ್ಷನ್ನು ಕೂರಿಸಿರಬಹುದು. ಇದು ಇನ್ನೂ ಅಪಾಯದ್ದು. ಬ್ರಷ್ಷು ಒಂದು ಸುತ್ತಿನಿಂದ ಇನ್ನೊಂದಕ್ಕೆ ಜಾರುವಾಗ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಆಗ ಆ ಎರಡರ ನಡುವೆ ಸುತ್ತಿಸುತ್ತಿ ಹರಿಯಲು ಹವಣಿಸುವ ಪ್ರವಾಹವನ್ನು ಇಂಗಾಲದ ತಡೆಯೇ ಅಂಕೆಯಲ್ಲಿಡುತ್ತದೆ. ಲೋಹದ ಅಂಶ ಹೆಚ್ಚಾಗಿರುವ ಬ್ರಷ್ಷಿಗೆ ಆ ತಡೆ ಸಾಲದು. ಸುತ್ತುಗಳು ಕಾದು ಎನಾಮಲು ಕರಿಯುತ್ತದೆ. ಒಮ್ಮೆ ಹಾಗೆ ಕರಿದ ಉಪಕರಣವನ್ನು ಮೀಟರಿಗೆ ಸೇರಿಸಿ ನೋಡಿದರೆ ವೋಲ್ಟೇಜು ಸರಿಯಾಗಿಯೇ ಏರಿಳಿಯಬಹುದು. ಒಂದು ಗಂಟೆಯ ಕಾಲ ಭಾರವನ್ನು ಹೊರಿಸಿದ ಮೇಲಲ್ಲವೆ ಹೊಗೆಯ ವಾಸನೆ ಬರುವುದು! ಅಂಗಡಿಯ ಮುಂದೆ ಐದು ನಿಮಿಷ ನಿಂತು ಕೊಳ್ಳುವವನ ವ್ಯಾಪಾರವು ನೀರಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆಯೇ ಸರಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸುತ್ತು ಕರಿದಿರುವುದು ಮಾರುವವನಿಗೆ ಗೊತ್ತು, ಕೊಳ್ಳುವವನು ಕೇಳಲಿಲ್ಲ, ಮಾರುವವನು ಹೇಳಲಿಲ್ಲ. ಇದರಲ್ಲಿ ತಪ್ಪುಂಟೆ?

ಮೊದಲು ಕಾನೂನು ಏನು ಹೇಳುತ್ತದೆಂಬುದನ್ನು ನೋಡಬಹುದು. 1872ರ ಭಾರತ ಕರಾರು ಶಾಸನದ 17ನೆಯ ಕಲಮಿನಲ್ಲಿ, ಇನ್ನೊಬ್ಬನು ಒಪ್ಪಂದಕ್ಕೆ ಒಪ್ಪುವುದರ ಮೇಲೆ ಪರಿಣಾಮಮಾಡುವಂಥ ಸಂಗತಿಯನ್ನು ಹೇಳದೆ ಸುಮ್ಮನಿದ್ದ ಮಾತ್ರಕ್ಕೆ ವಂಚನೆಯಾಗುವುದಿಲ್ಲವೆಂದು ವಿಧಿಸಿದೆ. ಹೇಳುವುದು ಅವನ ಕರ್ತವ್ಯವಾಗಿದ್ದರೆ ಅಥವಾ ಅವನ ಮೌನವೇ ಮಾತಿಗೆ ಸಮವಾಗುವಂತಿದ್ದರೆ ಮಾತ್ರ ಅದು ವಂಚನೆ. ಆ ಶಾಸನವು ಇದನ್ನು ಒಂದು ಕುದುರೆಯ ದೃಷ್ಟಾಂತದಿಂದ ವಿವರಿಸುತ್ತದೆ. ಒಬ್ಬನು ತನ್ನ ಕುದುರೆ ರೋಗಿಯೆಂದು ತಿಳಿದೂ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ, ಏನೂ ಹೇಳುವುದಿಲ್ಲ, ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳು, ಈಗತಾನೆ ಪ್ರಾಪ್ತವಯಸ್ಕಳಾದವಳು ಎಂದಿಟ್ಟುಕೊಳ್ಳಿ. ಆಗ ಆ ಸಂಬಂಧದ ದೆಸೆಯಿಂದಲೇ ಅವನು ಹೇಳಬೇಕಾಗುತ್ತದೆ. ಮತ್ತೆ, “ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮ. 1930ರ ಸರಕು ಮಾರಾಟ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ಸರಕಿನ ವ್ಯಾಪಾರವನ್ನೇ ಮಾಡತಕ್ಕವನ ಮೇಲೆ ಕೆಲವು ಹೊಣೆಗಳನ್ನು ಹೊರಿಸಿತು. ಆದರೆ ಕೊಳ್ಳುವವನು ಪರೀಕ್ಷಿಸಿ ಕೊಂಡಿದ್ದಲ್ಲಿ, ಆ ಪರೀಕ್ಷೆಯಿಂದ ತಿಳಿಯಬೇಕಾಗಿದ್ದ ದೋಷಗಳನ್ನು ಕುರಿತು ಆಮೇಲೆ ದೂರಲು ಅವಕಾಶವಿಲ್ಲವೆಂದಿತು. ಗ್ರಾಹಕರ ರಕ್ಷಣೆಗಾಗಿ 1986ರಲ್ಲಿಯೂ 2019ರಲ್ಲಿಯೂ ಬೇರೆ ಶಾಸನಗಳು ಬಂದುವು. ಆದರೂ ಒಬ್ಬ ಗೃಹಸ್ಥನು ತನ್ನ ಮನೆಯ ಹಳೆಯ ವಸ್ತುವನ್ನು ಇನ್ನೊಬ್ಬ ಗೃಹಸ್ಥನಿಗೆ ಮಾರುವಾಗ ಆ ಕುದುರೆಯ ದೃಷ್ಟಾಂತವೇ ಇಬ್ಬರ ನಡುವೆ ನಿಂತಿರುತ್ತದೆ.

ನಮ್ಮ ಪೂರ್ವಿಕರು ಈ ವಿಷಯವನ್ನು ಯೋಚಿಸಿರಲಿಲ್ಲವೆಂದಲ್ಲ. ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಓಲೆಯ ಕಟ್ಟುಗಳಿಂದ ಹೊರತೆಗೆದು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ, ಮಾರಿದ್ದನ್ನೂ ಕೊಂಡದ್ದನ್ನೂ ಹಿಂದಿರುಗಿಸುವ ವಿಚಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ರೋಗವುಳ್ಳ ಪ್ರಾಣಿಯನ್ನು ಆರೋಗ್ಯವುಳ್ಳದ್ದೆಂದು ಹೇಳಿ ಮಾರಿದವನಿಗೆ ಅಲ್ಲಿ ಹನ್ನೆರಡು ಪಣಗಳ ದಂಡವುಂಟು. ಅದಕ್ಕಿಂತಲೂ ಸ್ವಾರಸ್ಯವಾದುದು ಹಿಂದಿರುಗಿಸುವ ಅವಧಿಯ ವಿಚಾರ. ವರ್ತಕರ ಸರಕಿಗೆ ಒಂದು ರಾತ್ರಿ; ಬೇಸಾಯಗಾರರಿಗೆ ಮೂರು; ಗೋಪಾಲಕರಿಗೆ ಐದು; ನಾಲ್ಕು ಕಾಲಿನ ಪ್ರಾಣಿಗಳಿಗಾದರೋ ಮೂರು ಪಕ್ಷಗಳ, ಎಂದರೆ ಒಂದೂವರೆ ತಿಂಗಳ ಗಡುವು. ಅಷ್ಟು ಕಾಲದಲ್ಲಿ ಅವುಗಳ ಗುಣದೋಷಗಳನ್ನು ತಿಳಿಯಲು ಸಾಧ್ಯವೆಂದು ಗ್ರಂಥಕಾರನೇ ಕಾರಣವನ್ನು ಕೊಡುತ್ತಾನೆ. ಈ ಕಾರಣವು ಬಹಳ ಬೆಲೆಯುಳ್ಳದ್ದು. ದೋಷವು ಹೊರಬೀಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಮಾರಿದವನ ಹೊಣೆ ಮುಗಿಯಲಿಲ್ಲ ಎಂಬುದು ಅದರ ತಾತ್ಪರ್ಯ. ಕರಿದ ಸುತ್ತು ಒಂದು ಗಂಟೆಯ ಮೇಲೆ ಹೊಗೆಯಾಡುವುದಾದರೆ, ಐದು ನಿಮಿಷಕ್ಕೆ ವ್ಯಾಪಾರವು ಮುಗಿಯಿತೆನ್ನುವುದು ಹೇಗೆ?

ಪಾಶ್ಚಾತ್ಯರಲ್ಲಿಯೂ ಈ ಚರ್ಚೆ ಹಳೆಯದು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯ ಕಥೆಯುಂಟು. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬನು ಅಲೆಕ್ಸಾಂಡ್ರಿಯದಿಂದ ಹಡಗಿನ ತುಂಬ ಧಾನ್ಯವನ್ನು ತಂದಿದ್ದಾನೆ. ತನ್ನ ಹಿಂದೆಯೇ ಇನ್ನೂ ಹಲವು ಹಡಗುಗಳು ಧಾನ್ಯವನ್ನು ತುಂಬಿಕೊಂಡು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಹೇಳಿದರೆ ಬೆಲೆ ಇಳಿಯುತ್ತದೆ. ಹೇಳಬೇಕೆ, ಬೇಡವೆ? ಬ್ಯಾಬಿಲೋನಿನ ಡಯೋಜಿನೀಸನು, ಕಾನೂನು ಕೇಳುವಷ್ಟನ್ನು ಹೇಳಿ ಮೋಸಮಾಡದೆ ಮಾರಿದರೆ ಸಾಕು, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ ಎಂದು ವಾದಿಸಿದನು. ಅವನ ಶಿಷ್ಯನಾದ ಆಂಟಿಪೇಟರನು, ಮನುಷ್ಯರೆಲ್ಲರೂ ಒಂದೇ ಸಮಾಜಕ್ಕೆ ಸೇರಿದವರು, ಮಾರುವವನಿಗೆ ತಿಳಿದುದೆಲ್ಲವೂ ಕೊಳ್ಳುವವನಿಗೂ ತಿಳಿದಿರಬೇಕು ಎಂದನು. ಸಿಸೆರೋ ಒಂದು ಮನೆಯ ದೃಷ್ಟಾಂತವನ್ನೂ ಕೊಡುತ್ತಾನೆ: ಆ ಮನೆಯಲ್ಲಿ ಹಾವುಗಳು ಸೇರಿಕೊಂಡಿರುವುದು ಮಾರುವವನೊಬ್ಬನಿಗೇ ಗೊತ್ತು. ಧಾನ್ಯದ ವ್ಯಾಪಾರಿಯೂ ಮನೆಯವನೂ ಇಬ್ಬರೂ ಹೇಳಬೇಕಾಗಿತ್ತೆಂಬುದೇ ಸಿಸೆರೋವಿನ ತೀರ್ಪು.

ಡಯೋಜಿನೀಸನ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಿಳಿದುದೆಲ್ಲವನ್ನೂ ಹೇಳಬೇಕಾದರೆ ತಿಳಿಯಲು ಶ್ರಮಪಟ್ಟವನಿಗೂ ಪಡದವನಿಗೂ ಭೇದವೇನು? ಕಡಲನ್ನು ದಾಟಿ, ಅಪಾಯಕ್ಕೆ ಒಡ್ಡಿಕೊಂಡು, ಕಣ್ತೆರೆದು ನೋಡಿ ಬಂದವನಿಗೆ ಆ ಜ್ಞಾನವೂ ಒಂದು ಬಂಡವಾಳವಲ್ಲವೆ? ವ್ಯಾಪಾರವು ಚಾಟೂಕ್ತಿಯೂ ಅಲ್ಲ, ಪ್ರಾಯಶ್ಚಿತ್ತವೂ ಅಲ್ಲ; ಇಬ್ಬರು ಬುದ್ಧಿವಂತರು ತಮ್ಮ ತಮ್ಮ ಹಿತವನ್ನು ನೋಡಿಕೊಳ್ಳುವ ಕೆಲಸ. ಹೀಗೆಂದರೆ ಅದಕ್ಕೆ ಉತ್ತರ ಹೇಳುವುದು ಸುಲಭವಲ್ಲ.

ಆದರೆ ಧಾನ್ಯದ ದೃಷ್ಟಾಂತವೂ ಮನೆಯ ದೃಷ್ಟಾಂತವೂ ಒಂದೇ ಜಾತಿಯವಲ್ಲವೆಂಬುದನ್ನು ಗಮನಿಸಬೇಕು. ಧಾನ್ಯದಲ್ಲಿ ದೋಷವಿಲ್ಲ, ಕೊಂಡವನು ಹೆಚ್ಚು ಬೆಲೆಯನ್ನು ಕೊಟ್ಟನು, ಆದರೆ ಒಳ್ಳೆಯ ಧಾನ್ಯವನ್ನೇ ಉಂಡನು. ಮನೆಯಲ್ಲಾದರೋ ಹಾವಿದೆ. ಮೊದಲನೆಯದರಲ್ಲಿ ಮರೆಯಾಗಿರುವುದು ಮಾರುಕಟ್ಟೆಯ ಸುದ್ದಿ. ಎರಡನೆಯದರಲ್ಲಿ ಮರೆಯಾಗಿರುವುದು ವಸ್ತುವೇ. ಹಾವಿರುವ ಮನೆಯನ್ನು ಹೇಳದೆ ಮಾರಿದವನು ‘ಮನೆ’ ಎಂಬ ಹೆಸರಿನಿಂದ ಬೇರೆ ಏನನ್ನೋ ಮಾರಿದನು. ಹಾಗೆಯೇ ಕರಿದ ವೇರಿಯಾಕನ್ನು ಹೇಳದೆ ಮಾರಿದವನು ವೋಲ್ಟೇಜನ್ನು ಹಿಡಿತದಲ್ಲಿಡುವ ಉಪಕರಣದ ಹೆಸರಿನಿಂದ, ಹಿಡಿತ ತಪ್ಪಲಿರುವ ಒಂದನ್ನು ಮಾರಿದನು. ವಸ್ತುವನ್ನು ಮೇಜಿನ ಮೇಲೆ ಇಟ್ಟು ಬೆಲೆ ಹೇಳುವುದೇ ಒಂದು ಮಾತು. “ಇದು ಅದರ ಕೆಲಸವನ್ನು ಮಾಡುತ್ತದೆ” ಎಂಬುದೇ ಆ ಮಾತಿನ ಅರ್ಥ. ಆದಕಾರಣ ಇಲ್ಲಿಯ ಮೌನವು ಮೌನವೇ ಅಲ್ಲ. ಒಮ್ಮೆ ಮಾತಾಡಿದ ಮೇಲೆ ಅದನ್ನು ತಿದ್ದದೆ ಬಿಟ್ಟದ್ದು.

ಕಾನೂನಿನ ಕುದುರೆಯ ದೃಷ್ಟಾಂತವೂ ಇಲ್ಲಿ ನಮಗೆ ದಾರಿದೀಪವಾಗುತ್ತದೆ. ಮಗಳಿಗೆ ಮಾರುವಾಗ ಹೇಳಲೇಬೇಕೆಂದು ಶಾಸನವೇ ಒಪ್ಪಿದೆ. ಏತಕ್ಕೆ? ಮಗಳು ತಂದೆಯನ್ನು ನಂಬಿದ್ದಾಳೆ, ಪರೀಕ್ಷಿಸುವ ಶಕ್ತಿ ಅವಳಿಗಿಲ್ಲ ಎಂಬುದಕ್ಕಾಗಿಯೇ ಅಲ್ಲವೆ? ಹಾಗಾದರೆ ಈ ಎರಡು ಕಾರಣಗಳು ಎಲ್ಲೆಲ್ಲಿ ಕೂಡಿವೆಯೋ ಅಲ್ಲೆಲ್ಲ ಕೊಳ್ಳುವವರು ನಮಗೆ ಮಗಳ ಸಮಾನರೇ. ಇಷ್ಟೇ ಅಲ್ಲ. ಹಳೆಯ ರೇಡಿಯೋವನ್ನು ಕೊಂಡವನು ಮನೆಗೆ ಒಯ್ಯುತ್ತಾನೆ. ಅದರ ಗುಂಡಿಯನ್ನು ತಿರುಗಿಸುವವಳು ಅವನ ಮಗಳು. ಅವಳು ಒಪ್ಪಂದದಲ್ಲಿ ಪಾಲುಗೊಂಡವಳಲ್ಲ, ಬೆಲೆಯನ್ನು ಚೌಕಾಸಿ ಮಾಡಿದವಳಲ್ಲ, ಅವಳಿಗೆ ಯಾರೂ ಏನನ್ನೂ ಹೇಳಿಲ್ಲ. ಇಬ್ಬರು ಬುದ್ಧಿವಂತರ ವ್ಯಾಪಾರವೆಂಬ ಡಯೋಜಿನೀಸನ ಸಮಾಧಾನವು ಮೂರನೆಯವಳಾದ ಈ ಮಗುವಿನ ಮುಂದೆ ನಿಲ್ಲುವುದಿಲ್ಲ.

ಮಾರುವವನಿಗೆ ದೋಷವು ನಿಜವಾಗಿಯೂ ತಿಳಿಯದಿದ್ದರೆ? ಗುಜರಿಯವನು ಕಬ್ಬಿಣವನ್ನೂ ತಾಮ್ರವನ್ನೂ ತೂಕದ ಮೇಲೆ ಕೊಂಡು ತಂದವನು. ಸುತ್ತು, ಬ್ರಷ್ಷು ಎಂಬುವನ್ನು ಅವನು ಹೇಗೆ ಬಲ್ಲನು? ಅವನ ಮೇಲೆ ಪಂಡಿತನ ಹೊಣೆಯನ್ನು ಹೊರಿಸುವುದು ಅನ್ಯಾಯ. ಆದರೆ ಅವನೂ ಹೇಳಬಹುದಾದ ಸತ್ಯವೊಂದುಂಟು: “ನನಗೆ ಗೊತ್ತಿಲ್ಲ, ಪರೀಕ್ಷೆ ಮಾಡಿಲ್ಲ.” ಈ ಎರಡು ಮಾತುಗಳಿಂದ ಕೊಳ್ಳುವವನು ಎಚ್ಚರಗೊಳ್ಳುತ್ತಾನೆ, ಬೆಲೆಯೂ ತಕ್ಕ ಸ್ಥಾನಕ್ಕೆ ಬರುತ್ತದೆ. ನಿಂದ್ಯನಾದವನು ಇವನಲ್ಲ, ತಿಳಿಯದಿರಲೆಂದೇ ಕವಚವನ್ನು ಬಿಚ್ಚದಿರುವವನು. ನಾಲ್ಕು ತಿರುಪುಗಳನ್ನು ತೆಗೆದರೆ ನಿಜವು ಕಾಣುತ್ತದೆಂದು ಅವನು ಬಲ್ಲನು, ಕಂಡರೆ ಹೇಳಬೇಕಾಗುತ್ತದೆಂಬುದನ್ನೂ ಬಲ್ಲನು, ಆದುದರಿಂದ ತೆಗೆಯುವುದಿಲ್ಲ. ಅವನು ನುಡಿಯುವ “ಗೊತ್ತಿಲ್ಲ” ಎಂಬುದು ಅಕ್ಷರಶಃ ಸತ್ಯ, ಅರ್ಥದಲ್ಲಿ ಸುಳ್ಳು. ಕಣ್ಣನ್ನು ತಾನೇ ಮುಚ್ಚಿಕೊಂಡವನು ಕುರುಡನ ವಿನಾಯಿತಿಯನ್ನು ಕೇಳಲಾರನು.

ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳು. ಮಾರುವವನನ್ನು ಇಷ್ಟು ತೂಗಿದ ಮೇಲೆ ಕೊಳ್ಳುವವನನ್ನೂ ತೂಗಬೇಕು. ಹವ್ಯಾಸಿಗಳ ಕೂಟಗಳಲ್ಲಿ ಅತ್ಯಂತ ಸಂತೋಷದಿಂದ ಹೇಳಲ್ಪಡುವ ಕಥೆಯೆಂದರೆ, ಏನೂ ಅರಿಯದ ಒಬ್ಬನಿಂದ ಬಹು ಬೆಲೆಯ ವಸ್ತುವನ್ನು ಕಬ್ಬಿಣದ ಬೆಲೆಗೆ ಪಡೆದ ಕಥೆ. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಅವರ ಪ್ರಯೋಗದ ಮೇಜನ್ನು ಖಾಲಿಮಾಡುತ್ತಿರುವಾಗ, ಅಲ್ಲಿರುವ ಉಪಕರಣದ ಬೆಲೆಯನ್ನು ಬಲ್ಲವನು ಸುಮ್ಮನಿದ್ದು ನೂರು ರೂಪಾಯಿ ಕೊಟ್ಟು ಬಂದರೆ, ಅವನ ಮೌನಕ್ಕೆ ಏನು ಹೆಸರು? ಮಾರುವವನ ಮೌನವನ್ನು ಖಂಡಿಸಿದ ಬಾಯಿಂದಲೇ ಇದನ್ನು ಜಾಣತನವೆಂದು ಹೊಗಳಲಾದೀತೆ? ಅದೇ ಸಿಸೆರೋವಿನ ಗ್ರಂಥದಲ್ಲಿ ಸ್ಕೀವೋಲನೆಂಬವನ ಪ್ರಸಂಗವುಂಟು. ಅವನು ಒಂದು ಜಮೀನಿಗೆ ನಿಶ್ಚಯವಾದ ಬೆಲೆಯನ್ನು ಹೇಳೆಂದು ಕೇಳಿ, ಮಾರುವವನು ಹೇಳಿದ ಮೇಲೆ, ತನ್ನ ಅಂದಾಜಿನಲ್ಲಿ ಅದಕ್ಕೆ ಇನ್ನೂ ಹೆಚ್ಚು ಬೆಲೆಯಿದೆಯೆಂದು ಒಂದು ಲಕ್ಷ ನಾಣ್ಯಗಳನ್ನು ಕೂಡಿಸಿ ಕೊಟ್ಟನಂತೆ. ಅದು ಒಳ್ಳೆಯವನ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ಜಾಣನ ಕೆಲಸವಲ್ಲವೆನ್ನುತ್ತಾರೆ; ಒಳ್ಳೆಯತನವನ್ನೂ ಜಾಣತನವನ್ನೂ ಹೀಗೆ ಬೇರೆಮಾಡಿದ್ದೇ ಕೇಡಿಗೆ ಮೂಲವೆಂದು ಸಿಸೆರೋ ವಿಷಾದಿಸುತ್ತಾನೆ. ಎಲ್ಲರೂ ಸ್ಕೀವೋಲರಾಗಬೇಕೆಂದು ವಿಧಿಸಲು ನಾವು ಸಿದ್ಧರಿಲ್ಲ. ಬೀದಿಬೀದಿ ಅಲೆದು ಕಣ್ಣು ಪಳಗಿಸಿಕೊಂಡವನಿಗೆ ಆ ಶ್ರಮದ ಫಲವು ಸ್ವಲ್ಪ ದೊರೆಯಲಿ. ಅಂಗಡಿಯವನೊಡನೆ ಚೌಕಾಸಿ ನಡೆಯಲಿ. ಆದರೆ ದುಃಖದಲ್ಲಿಯೂ ಅಜ್ಞಾನದಲ್ಲಿಯೂ ಇರುವವರ ಎದುರಿಗೆ ಬಲ್ಲವನ ಮೌನವು ಕರಿದ ಸುತ್ತನ್ನು ಮುಚ್ಚಿಟ್ಟವನ ಮೌನದ ಸೋದರನೇ.

ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ, ಅವನು ರಿಪೇರಿಗಾರ. ಅವನ ಧರ್ಮವು ಇವರಿಬ್ಬರದಕ್ಕಿಂತಲೂ ಸೂಕ್ಷ್ಮ. ಅವನು ವೇರಿಯಾಕಿನ ಹಾದಿಯನ್ನು ಸ್ಪಿರಿಟಿನಿಂದ ಒರಸಿ, ಕಪ್ಪಾದ ಕಡೆ ನಯವಾದ ಕಾಗದದಿಂದ ಮೆಲ್ಲಗೆ ತಿಕ್ಕುತ್ತಾನೆ. ಉಕ್ಕಿನ ನಾರನ್ನು ಬಳಸುವುದಿಲ್ಲ, ಅದರ ಎಳೆಗಳು ಸುತ್ತುಗಳ ನಡುವೆ ಉಳಿದರೆ ಹೊಸ ಕೇಡು. ಅದೇ ಜಾತಿಯ ಬ್ರಷ್ಷನ್ನು ತಂದು, ಬಳೆಯ ಬಾಗಿಗೆ ಹೊಂದುವಂತೆ ಉಜ್ಜಿ ಕೂರಿಸುತ್ತಾನೆ. ಹಿಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಮೀಟರಿನ ಮುಳ್ಳು ಎಲ್ಲಿಯೂ ನೆಗೆಯದೆ ಏರುವುದನ್ನು ನೋಡುತ್ತಾನೆ. ಇಷ್ಟನ್ನು ಮಾಡಿದರೆ ಉಪಕರಣವು ನಡೆಯುತ್ತದೆ. ಗಿರಾಕಿಯು ಸಂತೋಷದಿಂದ ಹಣ ಕೊಡುತ್ತಾನೆ. ಆದರೆ ನಡೆಯುವುದು ಬೇರೆ, ಕ್ಷೇಮವಾಗಿರುವುದು ಬೇರೆ.

ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ಐದು ಆಂಪಿಯರಿನ ಒಂದು ವೇರಿಯಾಕಿಗೆ ಒಳಬರುವ ಕಡೆಯಲ್ಲಿ ಐದು ಆಂಪಿಯರಿನ ಫ್ಯೂಸಿದೆಯೆಂದು ಇಟ್ಟುಕೊಳ್ಳೋಣ. ಹಿಡಿಯನ್ನು 23 ವೋಲ್ಟಿನಲ್ಲಿಟ್ಟು ಹೊರಗೆ 20 ಆಂಪಿಯರನ್ನು ಎಳೆದರೆ ಹೊರಗೆ ಹೋಗುವ ಶಕ್ತಿ 460 ವಾಟ್. ಒಳಗೆ 230 ವೋಲ್ಟಿನಲ್ಲಿ ಅದಕ್ಕೆ ಬೇಕಾದದ್ದು ಸುಮಾರು ಎರಡೇ ಆಂಪಿಯರು. ಬ್ರಷ್ಷು ತನ್ನ ಶಕ್ತಿಗೆ ನಾಲ್ಕರಷ್ಟು ಭಾರವನ್ನು ಹೊತ್ತು ಉರಿಯುತ್ತಿರುತ್ತದೆ. ಫ್ಯೂಸು ಮಾತ್ರ ಏನೂ ನಡೆಯದಂತೆ ತಣ್ಣಗಿರುತ್ತದೆ. ಹೊರಹೋಗುವ ಕಡೆಯಲ್ಲಿಯೂ ಒಂದು ಫ್ಯೂಸನ್ನು ಹಾಕಿದರೆ ಈ ಅಪಾಯ ತಪ್ಪುತ್ತದೆ. ಎರಡನೆಯದಾಗಿ, ಒಂದೇ ಸುರುಳಿಯುಳ್ಳ ಈ ಉಪಕರಣವು ಗೋಡೆಯ ವಿದ್ಯುತ್ತಿನಿಂದ ನಮ್ಮನ್ನು ಬೇರ್ಪಡಿಸುವುದಿಲ್ಲ. ಹಿಡಿಯನ್ನು ಸೊನ್ನೆಯ ಹತ್ತಿರ ಇಟ್ಟಿದ್ದರೂ, ತಂತಿಗಳು ತಿರುವುಮುರುವಾಗಿ ಸೇರಿದ್ದರೆ ಹೊರಗಿನ ಎರಡು ತುದಿಗಳೂ ಭೂಮಿಗೆ ಹೋಲಿಸಿದಲ್ಲಿ 230 ವೋಲ್ಟಿನ ಮೇಲೆಯೇ ನಿಂತಿರುತ್ತವೆ. ಹಳೆಯ ಕೆಲವು ರೇಡಿಯೋಗಳಲ್ಲಿ ಲೋಹದ ಷಾಸಿಗೇ ಗೋಡೆಯ ಒಂದು ತಂತಿಯನ್ನು ಸೇರಿಸಿರುತ್ತಾರೆ. ವೋಲ್ಟೇಜು ಕಡಿಮೆಯಿದೆಯೆಂದು ನಂಬಿ ಅದನ್ನು ಮುಟ್ಟಿದವನ ಪ್ರಾಣವೇ ಹೋಗಬಹುದು. ಇದಕ್ಕೆ ಬೇರೆ ಎರಡು ಸುರುಳಿಗಳ ಐಸೊಲೇಷನ್ ಟ್ರಾನ್ಸ್‌ಫಾರ್ಮರೇ ಬೇಕು.

ಗಿರಾಕಿಯು ಇವುಗಳಲ್ಲಿ ಒಂದನ್ನೂ ಕೇಳಿರುವುದಿಲ್ಲ. ಕೇಳುವಷ್ಟು ತಿಳಿದಿದ್ದರೆ ಅವನು ರಿಪೇರಿಗಾರನ ಬಳಿಗೆ ಬರುತ್ತಿರಲಿಲ್ಲ. ಕೇಳಲಿಲ್ಲವೆಂದು ಹೇಳದೆ ಕಳಿಸಿದ ರಿಪೇರಿಗಾರನು ಹಣಕ್ಕೆ ತಕ್ಕ ಕೆಲಸವನ್ನು ಮಾಡಿದವನೇ. ಆದರೆ ತನ್ನ ವಿದ್ಯೆಗೆ ತಕ್ಕ ಕೆಲಸವನ್ನು ಮಾಡಿದವನಲ್ಲ. ವೈದ್ಯನು ಕೇಳಿದ ನೋವಿಗೆ ಮಾತ್ರ ಮದ್ದು ಕೊಟ್ಟು, ತಾನು ಕಂಡ ಬೇರೆ ರೋಗವನ್ನು ಹೇಳದೆ ಕಳಿಸಿದರೆ ನಾವು ಒಪ್ಪುತ್ತೇವೆಯೆ? ವಿದ್ಯೆಯುಳ್ಳವನ ಮೌನಕ್ಕೆ ಅವನ ವಿದ್ಯೆಯಷ್ಟೇ ತೂಕವಿರುತ್ತದೆ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ತರಬಹುದು. ದೋಷವನ್ನು ಹೇಳುತ್ತ ಕುಳಿತರೆ ಹೊಟ್ಟೆ ತುಂಬುವುದೆಂತು? ಪಕ್ಕದ ಅಂಗಡಿಯವನು ಬಣ್ಣ ಬಳಿದು, ಹಿಡಿಯನ್ನು ಬದಲಿಸಿ ಹೊಸದರಂತೆ ಮಾಡಿ ಮಾರುತ್ತಿರುವಾಗ, ನಿಜ ಹೇಳಿದವನ ಮುಂದೆ ಯಾರು ನಿಲ್ಲುತ್ತಾರೆ? ಈ ಆಕ್ಷೇಪದಲ್ಲಿ ನೋವಿದೆ. ಅದನ್ನು ಉಪದೇಶದಿಂದ ಮುಚ್ಚಬಾರದು. ಸತ್ಯಕ್ಕೆ ಕೊನೆಯಲ್ಲಿ ಲಾಭವೇ ಆಗುತ್ತದೆಂದು ಹೇಳುವವರುಂಟು. ಆಗಬಹುದು, ಆಗದಿರಲೂಬಹುದು. ಲಾಭವಾಗುತ್ತದೆಂಬ ಕಾರಣಕ್ಕಾಗಿ ಹೇಳಿದ ಸತ್ಯವು ಲಾಭವು ನಿಂತ ದಿನವೇ ನಿಂತುಹೋಗುತ್ತದೆ. ನಿಜ ಹೇಳಿದವನಿಗೆ ಕೆಲವು ಸಲ ನಷ್ಟವಾಗುತ್ತದೆಂಬುದನ್ನು ಒಪ್ಪಿಕೊಂಡೇ, ಆ ನಷ್ಟವನ್ನು ಅವನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವೆ ಎಂದು ನಾವು ಕೇಳಬೇಕು. ದೋಷವನ್ನು ಹೇಳಿದ ಅಂಗಡಿಯಿಂದ ಎದ್ದು, ಹೇಳದ ಅಂಗಡಿಗೆ ಹೋಗುವ ನಾವೇ ಆ ಮೌನಕ್ಕೆ ಕೂಲಿ ಕೊಡುತ್ತಿರುವವರು. “ಇದರ ಬ್ರಷ್ಷು ಸವೆದಿದೆ, ಇನ್ನೂರು ರೂಪಾಯಿ ಕಡಿಮೆ ಕೊಡಿ” ಎಂದವನ ಬಳಿಯಲ್ಲಿ ಕೊಂಡವನು ಒಂದು ವಸ್ತುವಿನ ಜೊತೆಗೆ ಒಂದು ಜ್ಞಾನವನ್ನೂ ಕೊಂಡನು. ಆ ಜ್ಞಾನಕ್ಕೆ ಬೆಲೆ ಕೊಡಲು ಕೊಳ್ಳುವವರು ಕಲಿಯದೆ ಮಾರುವವರಿಗೆ ಮಾತ್ರ ಧರ್ಮವನ್ನು ಬೋಧಿಸುವುದು ಅರ್ಧ ನ್ಯಾಯ.

ಒಟ್ಟಿನಲ್ಲಿ ನಮ್ಮ ನಿರ್ಣಯವಿಷ್ಟು. ಮಾರುಕಟ್ಟೆಯ ಸುದ್ದಿಯನ್ನು ಹೇಳುವುದೂ ಬಿಡುವುದೂ ಅವರವರ ಔದಾರ್ಯಕ್ಕೆ ಸೇರಿದ್ದು. ನೋಡಿದರೆ ಕಾಣುವ ದೋಷವನ್ನು ನೋಡಿಕೊಳ್ಳುವುದು ಕೊಳ್ಳುವವನ ಹೊಣೆ. ನೋಡಿದರೂ ಕಾಣದ ದೋಷವನ್ನು ಹೇಳುವುದು ಬಲ್ಲವನ ಹೊಣೆ. ಆ ದೋಷವು ಪ್ರಾಣಕ್ಕೆ ಸಂಬಂಧಿಸಿದ್ದಾದರೆ, ಯಾರೂ ಕೇಳದಿದ್ದರೂ, ಮಾರಾಟವೇ ಮುರಿದುಬಿದ್ದರೂ ಹೇಳತಕ್ಕದ್ದು. ಇದಕ್ಕೆ ದೊಡ್ಡ ಗ್ರಂಥವೂ ಬೇಡ, ಪ್ರತಿಜ್ಞೆಯೂ ಬೇಡ. ಹಳೆಯ ಉಪಕರಣವನ್ನು ಕೈಬಿಡುವಾಗ ಅದರ ಹಿಡಿಗೆ ಒಂದು ಚೀಟಿಯನ್ನು ಕಟ್ಟಿ ಮೂರು ಸಾಲುಗಳನ್ನು ಬರೆದರೆ ಸಾಕು: ಏನನ್ನು ಸರಿಮಾಡಿದೆ, ಏನನ್ನು ಸರಿಮಾಡಿಲ್ಲ, ಯಾವುದನ್ನು ಪರೀಕ್ಷಿಸಿಲ್ಲ. ಬರೆದವನು ಯಾರೆಂದು ತಿಳಿಯದ ಇನ್ನೊಂದು ಮನೆಯಲ್ಲಿ, ಇನ್ನೊಂದು ಕಾಲದಲ್ಲಿ, ಆ ಚೀಟಿಯನ್ನು ಓದಿ ಒಂದು ಕೈ ಹಿಂದಕ್ಕೆ ಸರಿದರೆ, ಬರೆದವನ ವ್ಯಾಪಾರವು ಅಲ್ಲಿಗೆ ಸಮರ್ಪಕವಾಗಿ ಮುಗಿಯಿತೆಂದು ಹೇಳಬಹುದು.